ಹೆಸರು ಇಟ್ಟಾಯ್ತು, ಕಾಗದ ಎಲ್ಲಿ?

ನಮಸ್ಕಾರ. ಈಗ ಕಾಣುತ್ತಿರುವುದು ಧಾರವಾಡದಲ್ಲಿ ನಮ್ಮ ಅಕ್ಕನ ಅಡುಗೆಮನೆ. ಹುರಿದ ಶೇಂಗಾ ಮಿಕ್ಸಿಗೆ ಬೀಳುತ್ತಿದೆ. ಅಕ್ಕ ಮತ್ತು ಅವಳ ಗೆಳತಿ ಸೇರಿ ಚಟ್ನಿಪುಡಿ ವ್ಯಾಪಾರ ಶುರು ಮಾಡುತ್ತಿದ್ದಾರೆ. ಲೇಬಲ್ ಪ್ರಿಂಟ್ ಆಗಿದೆ, ಇನ್‌ಸ್ಟಾಗ್ರಾಮ್ ಪೇಜೂ ಇದೆ. ಪಾಲುದಾರಿಕೆ ಪತ್ರ ಮಾತ್ರ ಇಲ್ಲ.

"ನಮ್ಮಿಬ್ಬರ ಮಧ್ಯೆ ಕಾಗದ ಯಾಕೋ?" ಅಂದಳು ಅಕ್ಕ. ಸ್ನೇಹ ಇದ್ದರೆ ಕಾಗದ ಬೇಡ ಅನ್ನುವುದು ನಮ್ಮಲ್ಲಿ ಮಾಮೂಲು. ಆದರೆ ನೀವು ಬರೆದುಕೊಳ್ಳದಿದ್ದರೆ ನಿಮ್ಮ ಪರವಾಗಿ 1932ರ ಪಾಲುದಾರಿಕೆ ಕಾಯ್ದೆ ತೀರ್ಮಾನ ಮಾಡುತ್ತದೆ. ಒಬ್ಬರು 4 ಲಕ್ಷ ಹಾಕಿರಲಿ, ಇನ್ನೊಬ್ಬರು 50 ಸಾವಿರ ಹಾಕಿರಲಿ, ಲಾಭ ನಷ್ಟ ಎರಡೂ ಸಮಸಮ. ದಿನಾ ಒಲೆ ಮುಂದೆ ನಿಲ್ಲುವವರಿಗೆ ಬೇರೆ ಸಂಬಳವೂ ಇಲ್ಲ. ಸಾಲದ್ದಕ್ಕೆ, ವ್ಯಾಪಾರಕ್ಕಾಗಿ ಗೆಳತಿ ಮಾಡಿದ ಸಾಲಕ್ಕೆ ಅಕ್ಕನ ಸ್ವಂತ ಆಸ್ತಿಯೂ ಹೊಣೆ. ಕಾಗದ ಬರೆದರೂ ಈ ಹೊಣೆ ತಪ್ಪುವುದಿಲ್ಲ. ಅದು ಬೇಡ ಅನ್ನುವವರು ಎಲ್‌ಎಲ್‌ಪಿ (ಪಾಲುದಾರರ ಹೊಣೆಗೆ ಮಿತಿ ಇರುವ ಸಂಸ್ಥೆ) ಅಥವಾ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಳ್ಳಬಹುದು, ಪ್ರತಿ ವರ್ಷ ಲೆಕ್ಕಪತ್ರ ಸಲ್ಲಿಸುವ ತಲೆನೋವು ಜಾಸ್ತಿ ಅಷ್ಟೇ.

ಪತ್ರ ಬರೆದ ಮೇಲೆ ಸಂಸ್ಥೆ ನೋಂದಣಿ ಕಡ್ಡಾಯವಾ? ಅಲ್ಲ. ಆದರೂ ನಾನಂತೂ ಮಾಡಿಸಿ ಅಂತಲೇ ಹೇಳುತ್ತೇನೆ. ಮಾಲು ತೊಗೊಂಡ ಅಂಗಡಿಯವರು ದುಡ್ಡು ಕೊಡಲಿಲ್ಲ ಅನ್ನಿ. ನೋಂದಣಿ ಇಲ್ಲದ ಸಂಸ್ಥೆ ಅದನ್ನು ವಸೂಲಿ ಮಾಡಲು ದಾವೆ ಹಾಕುವ ಹಾಗಿಲ್ಲ, ಅದೇ ಕಾಯ್ದೆಯ ಸೆಕ್ಷನ್ 69 ಅಡ್ಡ ಬರುತ್ತದೆ. ಉದ್ರಿ ಮೇಲೇ ನಡೆಯುವ ವ್ಯಾಪಾರ ಇದು, ಅಲ್ವಾ?

ಇನ್ನು ಈ ಲೇಬಲ್ ನೋಡಿ. ಒರಳುಕಲ್ಲು, ಅದರ ಸುತ್ತ ಕೆಂಪು ಮೆಣಸಿನಕಾಯಿ. ಹೊರಗಿನ ಡಿಸೈನರ್ ಒಬ್ಬರು ಮಾಡಿಕೊಟ್ಟ ಲೋಗೋ. ದುಡ್ಡು ಕೊಟ್ಟಿದ್ದೇವೆ, ಹಾಗಾಗಿ ನಮ್ಮದೇ ಅಂತ ಇಬ್ಬರ ನಂಬಿಕೆ. ಸಂಬಳದ ನೌಕರ ಅಲ್ಲದವರು ಮಾಡಿದ ಲೋಗೋದ ಕಾಪಿರೈಟ್ ಸಾಮಾನ್ಯವಾಗಿ ಅವರದ್ದೇ. ಅದನ್ನು ನಮ್ಮ ಹೆಸರಿಗೆ ಬರೆಸಿಕೊಳ್ಳಬೇಕು, ಎಷ್ಟು ವರ್ಷಕ್ಕೆ ಅನ್ನುವುದನ್ನೂ ಸೇರಿಸಬೇಕು. ಅವಧಿ ಬಿಟ್ಟರೆ ಕಾನೂನು ಅದನ್ನು 5 ವರ್ಷ ಅಂತ ಹಿಡಿಯುತ್ತದೆ.

ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮೊದಲ ಪ್ಯಾಕೆಟ್ ಮಾರುವ ಮುಂಚೆಯೇ ಬೇಕು. ಜಿಎಸ್‌ಟಿ? ಕರ್ನಾಟಕದೊಳಗೆ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದ ಮೇಲೆ. ಹೊರರಾಜ್ಯದ ಪುಣೆಗೆ ಪಾರ್ಸೆಲ್ ಮಾರಿದರೆ ಆ ಮಿತಿ ಲೆಕ್ಕಕ್ಕಿಲ್ಲ, ವಹಿವಾಟು ಎಷ್ಟೇ ಇದ್ದರೂ ನೋಂದಣಿ ಬೇಕು. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಸರ್ಕಾರದ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ, ಸುಮ್ನೆ ಯಾರಿಗೂ ಫೀಸು ಕಟ್ಟಬೇಡಿ.

ಪತ್ರದ ಕರಡು ಈಗ ಟೇಬಲ್ ಮೇಲಿದೆ. ಪಾಲು 60-40, ಅಕ್ಕನಿಗೆ ತಿಂಗಳ ಸಂಬಳ, ಅಷ್ಟು ಒಪ್ಪಿಗೆಯಾಗಿದೆ. ಒಬ್ಬರು ಬಿಟ್ಟು ಹೋದರೆ ಬ್ರ್ಯಾಂಡ್ ಹೆಸರು ಯಾರಿಗೆ ಅನ್ನುವ ಸಾಲು ಮಾತ್ರ ಇನ್ನೂ ಖಾಲಿ. ಅದು ತುಂಬುವ ತನಕ ಸಹಿ ಬೇಡ ಅಂದಿದ್ದೇನೆ.