ಏಳಡಿ ಎರಡಂಗುಲದ ಹುಡುಗ: ಸತ್ನಾಮ್ ಸಿಂಗ್ ಭಮಾರಾ

ಹಿರಿಯರೇ, ತರಬೇತುದಾರರೇ, ಸಂಜೆಯ ಅಭ್ಯಾಸ ಬಿಟ್ಟು ಇಲ್ಲಿ ಬಂದು ಕುಳಿತಿರುವ ಆಟಗಾರರೇ,

ಸತ್ನಾಮ್ ಸಿಂಗ್ ಭಮಾರಾ ಹೆಸರು ಬಂದರೆ ನಮ್ಮಲ್ಲಿ ಎರಡು ಬಗೆಯ ಮಾತು ಕೇಳುತ್ತದೆ. ‘ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಂಡವೊಂದು ಆರಿಸಿಕೊಂಡ ಭಾರತದಲ್ಲಿ ಹುಟ್ಟಿದ ಮೊದಲ ಆಟಗಾರ’ ಎಂಬ ಹೆಮ್ಮೆ ಒಂದು. ‘ಆರಿಸಿದರೇನು, ಅಲ್ಲಿ ಆಡಲೇ ಇಲ್ಲವಲ್ಲ’ ಎಂಬ ಕೊಂಕು ಇನ್ನೊಂದು. ಎರಡೂ ನಿಜವೇ. ಇವೆರಡರ ನಡುವೆ ಏನು ನಡೆಯಿತು ಎಂದು ಕೇಳಿದವರು ಕಡಿಮೆ. ನನಗೆ ಆಸಕ್ತಿ ಇರುವುದು ಅದರಲ್ಲಿ.

ಪಂಜಾಬಿನ ಬರ್ನಾಲಾ ಜಿಲ್ಲೆಯ ಬಲ್ಲೋ ಕೆ ಎಂಬ ಪುಟ್ಟ ಹಳ್ಳಿ ಅವರದು. ಹುಟ್ಟಿದ್ದು 1995ರ ಡಿಸೆಂಬರ್‌ನಲ್ಲಿ. ತಂದೆ ಬಲ್ಬೀರ್ ಸಿಂಗ್ ರೈತರು, ಏಳಡಿ ದಾಟಿದ ಆಳು. ಚಿಕ್ಕಂದಿನಲ್ಲಿ ಅವರಿಗೂ ಬಾಸ್ಕೆಟ್‌ಬಾಲ್ ಆಡಲು ಹೇಳಿದವರಿದ್ದರು, ಆದರೆ ಹೊಲ ಬಿಟ್ಟು ಹೋಗಲು ಮನೆಯವರು ಒಪ್ಪಲಿಲ್ಲ. ಆ ಕೊರಗು ಮಗನ ಪಾಲಿಗೆ ವರವಾಯಿತು. ಹತ್ತರ ಆಸುಪಾಸಿನ ಹುಡುಗನನ್ನು ಅವರು ಲೂಧಿಯಾನದ ಬಾಸ್ಕೆಟ್‌ಬಾಲ್ ಅಕಾಡೆಮಿಗೆ ಸೇರಿಸಿದರು. ಅಲ್ಲಿ ಅವನನ್ನು ತಿದ್ದಿದವರು ಡಾ. ಎಸ್. ಸುಬ್ರಮಣಿಯನ್. ಭಾರತ ತಂಡಕ್ಕೆ ಒಬ್ಬರ ಹಿಂದೊಬ್ಬರಂತೆ ಆಟಗಾರರನ್ನು ಕೊಟ್ಟ ಗುರು. 2013ರಲ್ಲಿ ತೀರಿಕೊಂಡ ಅವರಿಗೆ ಶಿಷ್ಯನ ದೊಡ್ಡ ದಿನ ನೋಡುವ ಯೋಗ ಇರಲಿಲ್ಲ.

2010ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಐಎಂಜಿ ರಿಲಯನ್ಸ್ ವಿದ್ಯಾರ್ಥಿವೇತನದ ಮೇಲೆ ಸತ್ನಾಮ್ ಅಮೆರಿಕದ ಫ್ಲಾರಿಡಾಕ್ಕೆ ಹೋದರು. ಇಂಗ್ಲಿಷ್ ಬಾರದು. ತರಗತಿಯ ಪಾಠವೂ ಅಂಕಣದ ಸೂಚನೆಯೂ ಅದೇ ಬಾರದ ಭಾಷೆಯಲ್ಲಿ. ಮರುವರ್ಷವೇ, ಹದಿನೈದು ವರ್ಷಕ್ಕೆ, ಚೀನಾದ ವುಹಾನ್‌ನಲ್ಲಿ ನಡೆದ ಏಷ್ಯಾ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಹಿರಿಯರ ತಂಡಕ್ಕೆ ಆಡಿದರು.

2015ರ ಜೂನ್ 25ರಂದು ಬ್ರೂಕ್ಲಿನ್‌ನಲ್ಲಿ ನಡೆದ ಡ್ರಾಫ್ಟ್‌ನಲ್ಲಿ, ಅಂದರೆ ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕಾರ್ಯಕ್ರಮದಲ್ಲಿ, ಡಲ್ಲಾಸ್ ಮಾವೆರಿಕ್ಸ್ ತಂಡ ಅವರನ್ನು 52ನೆಯ ಆಯ್ಕೆಯಾಗಿ ತೆಗೆದುಕೊಂಡಿತು. ಇಲ್ಲೇ ಒಂದು ದಿನಾಂಕವನ್ನು ಗಮನಿಸಬೇಕು. ಅದಕ್ಕೆ ಒಂಬತ್ತು ದಿನ ಮೊದಲು ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡ ಎನ್‌ಬಿಎ ಪ್ರಶಸ್ತಿ ಗೆದ್ದಿತ್ತು. ಫೈನಲ್ ಸರಣಿಯಲ್ಲಿ ಹಿಂದೆ ಬಿದ್ದಿದ್ದ ಆ ತಂಡದ ಕೋಚ್ ಸ್ಟೀವ್ ಕರ್, ನಾಲ್ಕನೆಯ ಪಂದ್ಯಕ್ಕೆ ಏಳಡಿಯ ಸೆಂಟರ್ (ಬುಟ್ಟಿಯ ಬಳಿ ಆಡುವ ಎತ್ತರದ ಆಟಗಾರ) ಆಂಡ್ರ್ಯೂ ಬೋಗಟ್ ಅವರನ್ನು ಬೆಂಚಿನಲ್ಲಿ ಕೂರಿಸಿ, ಕುಳ್ಳನೆಯ ಆಂಡ್ರೆ ಇಗುಡಾಲಾ ಅವರನ್ನು ಇಳಿಸಿದರು. (ಕುಳ್ಳ ಎಂದರೆ ಆರಡಿ ಆರಂಗುಲ. ನಮಗದು ಬಾಗಿಲಿಗೆ ತಲೆ ತಾಗುವ ಎತ್ತರ.) ಅಲ್ಲಿಂದ ಸರಣಿ ತಿರುಗಿತು.

ಇದರಿಂದ ಸತ್ನಾಮ್‌ಗೆ ಏನಾಯಿತು? ಬುಟ್ಟಿಯ ಕೆಳಗೆ ಬೆನ್ನು ಕೊಟ್ಟು ನಿಂತು, ಚೆಂಡು ಪಡೆದು, ಭುಜದಿಂದ ಜಾಗ ಮಾಡಿಕೊಂಡು ತಿರುಗಿ ಹಾಕುವುದು ಅವರು ಕಲಿತ ಆಟ. ಕರ್ ಗೆದ್ದು ತೋರಿಸಿದ ಈ ಹೊಸ ಆಟದಲ್ಲಿ ಎದುರಾಳಿ ಸೆಂಟರ್ ಬುಟ್ಟಿಯ ಬಳಿ ನಿಲ್ಲುವುದೇ ಇಲ್ಲ. ಮೂರು ಅಂಕಗಳ ಗೆರೆಯ ಹತ್ತಿರ ಬಂದು, ಚೆಂಡು ಹಿಡಿದ ಗಾರ್ಡ್‌ನನ್ನು (ಚೆಂಡನ್ನು ಮುಂದೆ ತರುವ ಆಟಗಾರ) ತಡೆಯಲು ನಿಂತ ನಮ್ಮವನಿಗೆ ಅಡ್ಡ ನಿಲ್ಲುತ್ತಾನೆ. ನಮ್ಮ ಸೆಂಟರ್ ಮುಂದೆ ಬಂದರೆ ಗಾರ್ಡ್ ಪಕ್ಕದಿಂದ ನುಗ್ಗುತ್ತಾನೆ, ಹಿಂದೆಯೇ ಉಳಿದರೆ ನಿಂತಲ್ಲಿಂದಲೇ ಚೆಂಡು ಹಾರಿಸುತ್ತಾನೆ. ಒಂದೂಕಾಲು ಕ್ವಿಂಟಲ್‌ಗೂ ಮಿಗಿಲಾದ ಮೈಯನ್ನು ಪಂದ್ಯದುದ್ದಕ್ಕೂ ಹೀಗೆ ಹಿಂದೆ ಮುಂದೆ ಓಡಿಸುವುದು ಹುಡುಗಾಟವಲ್ಲ.

ಡಲ್ಲಾಸ್ ಅವರನ್ನು ತನ್ನ ಕಿರಿಯ ಲೀಗ್ ತಂಡ ಟೆಕ್ಸಾಸ್ ಲೆಜೆಂಡ್ಸ್‌ಗೆ ಕಳಿಸಿತು. ಎರಡು ಋತು ಅಲ್ಲಿದ್ದರೂ ಅಂಕಣಕ್ಕಿಳಿದದ್ದು ಅಷ್ಟಕ್ಕಷ್ಟೆ. ಎನ್‌ಬಿಎ ಲೀಗ್ ಪಂದ್ಯ ಒಂದೂ ಸಿಗಲಿಲ್ಲ. ಆಮೇಲೆ ಕೆನಡಾದ ಸೇಂಟ್ ಜಾನ್ಸ್ ಎಡ್ಜ್ ತಂಡ.

ಸೋಮಾರಿತನ ಎಂದು ಷರಾ ಬರೆದು ಮುಗಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸೆಂಟರ್ ಪಕ್ವವಾಗುವುದು ತಡವಾಗಿ, ಅದೂ ಪಂದ್ಯಗಳನ್ನು ಆಡಿ ಆಡಿ. ಹೀಗೆ ಪಕ್ವವಾಗಬೇಕಾದ ವಯಸ್ಸಿನಲ್ಲಿ ತಾಯ್ನಾಡಿಗೆ ಮರಳಿ ವರ್ಷಕ್ಕೆ ನಲವತ್ತು ಪಂದ್ಯ ಆಡುತ್ತೇನೆಂದರೆ ಇಲ್ಲಿ ಅಂಥದ್ದೊಂದು ಗಟ್ಟಿ ಲೀಗ್ ಇರಲಿಲ್ಲ. ನಮ್ಮ ಒಳ್ಳೆಯ ಆಟಗಾರರಿಗೆ ಅನ್ನ ಕೊಟ್ಟಿರುವುದು ರೈಲ್ವೆ, ಒಎನ್‌ಜಿಸಿಯಂಥ ಸಂಸ್ಥೆಗಳ ನೌಕರಿ. ಅದನ್ನು ಹಗುರವಾಗಿ ಕಾಣುತ್ತಿಲ್ಲ. 2014ರಲ್ಲಿ ಏಷ್ಯಾ ಕಪ್‌ನಲ್ಲಿ ಚೀನಾವನ್ನು 65–58ರಿಂದ ಮಣಿಸಿದ ತಂಡದಲ್ಲಿ ಸತ್ನಾಮ್ ಇರಲಿಲ್ಲ. ವಿಶೇಷ್ ಭೃಗುವಂಶಿ, ಅಮೃತ್‌ಪಾಲ್, ಅಮ್‌ಜ್ಯೋತ್ ಇದ್ದರು.

ಮುಂದಿನ ಅಧ್ಯಾಯ ನಮ್ಮ ಬೆಂಗಳೂರಿನದು, ಸಂತೋಷದ್ದಲ್ಲ. 2019ರ ನವೆಂಬರ್‌ನಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟಕ್ಕಾಗಿ ಇಲ್ಲಿ ನಡೆದ ಶಿಬಿರದಲ್ಲಿ ಉದ್ದೀಪನ ಮದ್ದು ಪರೀಕ್ಷೆಯಾಯಿತು. ಸತ್ನಾಮ್ ಅವರ ಮಾದರಿಯಲ್ಲಿ ಹೈಜೆನಮೀನ್ ಎಂಬ ನಿಷೇಧಿತ ವಸ್ತು ಸಿಕ್ಕಿತು. ಕೆಲವು ಗಿಡಗಳಲ್ಲೂ ಆಹಾರ ಪೂರಕಗಳಲ್ಲೂ ಇರುವಂಥದ್ದು ಅದು. ಎರಡು ವರ್ಷದ ನಿಷೇಧ ಬಿತ್ತು. ಡಬ್ಬಿಯ ಮೇಲಿನ ಚೀಟಿ ಓದದೆ ಪುಡಿ ಕಲಸಿ ಕುಡಿಯುವ ನಿಮ್ಮಲ್ಲಿ ಕೆಲವರು ಇದನ್ನು ಕಿವಿಯಲ್ಲಿ ಹಾಕಿಕೊಳ್ಳಿ.

ನಿಷೇಧ ಮುಗಿಯುವ ಮೊದಲೇ, 2021ರಲ್ಲಿ, ಅಮೆರಿಕದ ವೃತ್ತಿಪರ ಕುಸ್ತಿ ಸಂಸ್ಥೆ ಆಲ್ ಎಲೀಟ್ ರೆಸ್ಲಿಂಗ್ ಜೊತೆ ಒಪ್ಪಂದವಾಯಿತು. ಮರುವರ್ಷ ಏಪ್ರಿಲ್‌ನಲ್ಲಿ ಟಿವಿ ಪರದೆಗೆ ಬಂದರು. ಏಳಡಿ ಎರಡಂಗುಲದವರು ಅಖಾಡಕ್ಕೆ ಬಂದು ಸುಮ್ಮನೆ ನಿಂತರೂ ಜನ ಕೂಗುತ್ತಾರೆ. ಮೂರು ಅಂಕಗಳ ಗೆರೆಯವರೆಗೆ ಓಡಿ ಎಂದು ಅಲ್ಲಿ ಯಾರೂ ಹೇಳುವುದಿಲ್ಲ.

ಈಗ ಪ್ರಶ್ನೆಗಳಿದ್ದರೆ ಕೇಳಿ. ಎತ್ತರ ಹೆಚ್ಚಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಯೊಂದನ್ನು ಬಿಟ್ಟು.