ಹೊಡೆಯುವ ಮೊದಲು ಚೆಂಡು ಎಲ್ಲಿ ನಿಂತಿದೆ?

ನಮಸ್ಕಾರ. ಗಾಲ್ಫ್ ಆಟದಲ್ಲಿ ಮನಸ್ಸಿನಲ್ಲೇ ಚಿತ್ರ ಕಾಣುವ ಅಭ್ಯಾಸದ ಬಗ್ಗೆ ಮಾತು ಬಂದಾಗ ಅನೇಕರು ಕಪ್ ಹಿಡಿದು ನಿಂತ ತಮ್ಮನ್ನೇ ಕಲ್ಪಿಸಿಕೊಳ್ಳುತ್ತಾರೆ. ಅಂಥ ಕಲ್ಪನೆ ಎಷ್ಟೇ ಸಂತೋಷ ಕೊಟ್ಟರೂ ಕಡಿಮೆ ಹೊಡೆತಗಳಲ್ಲಿ ಮುಗಿಸಿದವರೇ ಗೆಲ್ಲುವ ಈ ಆಟದಲ್ಲಿ ಅದರಿಂದ ಒಂದು ಸ್ಟ್ರೋಕ್ (ಹೊಡೆತ) ಕೂಡ ಉಳಿಯುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈಗ ಹೊಡೆಯಲಿರುವ ಆ ಒಂದು ಹೊಡೆತ ಮಾತ್ರ ಕಣ್ಣಿಗೆ ಕಟ್ಟಿದಂತೆ ಕಾಣಬೇಕು.

ಗಾಲ್ಫ್ ಆಟದ ಅತಿ ದೊಡ್ಡ ಪ್ರಶಸ್ತಿಗಳಾದ ಮೇಜರ್‌ಗಳನ್ನು 18 ಸಲ ಗೆದ್ದ ಅಮೆರಿಕದ ಜಾಕ್ ನಿಕ್ಲಾಸ್, ಅಭ್ಯಾಸದ ವೇಳೆಯಲ್ಲಿ ಕೂಡ ಸ್ಪಷ್ಟವಾದ ಚಿತ್ರ ಮನಸ್ಸಿನಲ್ಲಿ ಮೂಡದೆ ತಾನು ಚೆಂಡನ್ನು ಹೊಡೆದಿಲ್ಲ ಎಂದು ಹೇಳಿಕೊಂಡಿದ್ದಾರೆ. ಅವರು ಕಾಣುತ್ತಿದ್ದ ಕ್ರಮವನ್ನು ಗಮನಿಸಬೇಕು. ಮೊದಲು ಹಸಿರು ಹುಲ್ಲಿನ ಮೇಲೆ ಬಂದು ನಿಂತಿರುವ ಬಿಳಿ ಚೆಂಡು, ಆಮೇಲೆ ಅದು ಅಲ್ಲಿಗೆ ಹಾರಿಬಂದ ದಾರಿ, ಅದರ ಎತ್ತರ, ಬಾಗು, ನೆಲ ಮುಟ್ಟಿದ ಮೇಲಿನ ಉರುಳು, ಕೊನೆಯಲ್ಲಿ ಇದನ್ನೆಲ್ಲ ಆಗಿಸುವ ಸ್ವಿಂಗ್, ಅಂದರೆ ಕೋಲಿನ ಬೀಸು. ಹೀಗೆ ಕೊನೆಯಿಂದ ಹಿಂದಕ್ಕೆ ಬರುವವನು ಚೆಂಡು ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗವಾದ ಗ್ರೀನ್‌ನ ಯಾವ ಭಾಗದಲ್ಲಿ ಬೀಳಬೇಕು, ಎಷ್ಟು ಉರುಳಬೇಕು, ಅದಕ್ಕೆ ಯಾವ ಕ್ಲಬ್ (ಹೊಡೆಯುವ ಕೋಲು) ಬೇಕು ಎಂಬುದನ್ನೆಲ್ಲ ಚೆಂಡಿನ ಹಿಂದೆ ನಿಂತಿರುವಾಗಲೇ ತೀರ್ಮಾನಿಸಬೇಕಾಗುತ್ತದೆ. ಚೆಂಡಿನ ಪಕ್ಕದಲ್ಲಿ ನಿಂತು, ಕೈ ಮೇಲೆತ್ತಿದ ಮೇಲೆ, ಮನಸ್ಸು ಬದಲಾಯಿಸುವ ನಮ್ಮಂಥವರ ದೊಡ್ಡ ದೋಷಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಕಂಡಿಲ್ಲ. ಆಸ್ಟ್ರೇಲಿಯಾದ ಜೇಸನ್ ಡೇ ಕೂಡ ಚೆಂಡಿನ ಹಿಂದೆ ನಿಂತು, ಕಣ್ಣು ಮುಚ್ಚಿ, ಹೊಡೆತವನ್ನು ಪೂರ್ತಿಯಾಗಿ ಕಂಡ ಮೇಲೆಯೇ ಮುಂದೆ ಹೆಜ್ಜೆ ಇಡುತ್ತಿದ್ದರು. 2015ರ ಪಿಜಿಎ ಚಾಂಪಿಯನ್‌ಶಿಪ್ ಗೆದ್ದದ್ದೂ ಹಾಗೆಯೇ.

ಕೆಟ್ಟ ಚಿತ್ರಕ್ಕೂ ಅಷ್ಟೇ ಬಲವಿದೆ. 1985ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಪಟ್ ಮಾಡಲು, ಅಂದರೆ ಚೆಂಡನ್ನು ಮೆಲ್ಲಗೆ ಕುಳಿಯತ್ತ ಉರುಳಿಸಲು, ಹೇಳಲಾಗಿತ್ತು. ಚೆಂಡು ಕುಳಿಯ ಅಂಚಿನಲ್ಲಿ ತಪ್ಪಿಹೋಗುವುದನ್ನು ಕಲ್ಪಿಸಿಕೊಂಡವರ ಆಟ ನಿಜವಾಗಿಯೂ ಕೆಟ್ಟಿತು. ಇದನ್ನು ನಾನು ಬೆಂಗಳೂರಿನಲ್ಲೇ ಅನುಭವಿಸಿದ್ದೇನೆ. ಮೂರು ಹೊಡೆತಗಳಲ್ಲಿ ಮುಗಿಸಬೇಕಾದ ಒಂದು ಪಾರ್-3 ಕುಳಿಯಲ್ಲಿ, ಬ್ಯಾಗ್ ಹೊರುವ ಕ್ಯಾಡಿ ಹುಡುಗ ನನ್ನ ಒಳಿತಿಗೆಂದೇ "ಸರ್, ಎಡಗಡೆ ನೀರಿದೆ, ನೋಡ್ಕೊಂಡು ಹೊಡೀರಿ" ಎನ್ನುತ್ತಿದ್ದ. ಆ ಕ್ಷಣದಿಂದ ನನಗೆ ನೀರು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ, ಚೆಂಡೂ ಅಲ್ಲಿಗೇ ಹೋಗುತ್ತಿತ್ತು. ಇನ್ನೊಂದು ದಿನ ಜೊತೆಗೆ ಬಂದ ಹಿರಿಯ ಕ್ಯಾಡಿಯೊಬ್ಬರು ನೀರಿನ ಮಾತನ್ನೇ ಎತ್ತಲಿಲ್ಲ. "ಬಾವುಟದ ಬಲಕ್ಕೆ ಹುಲ್ಲು ಸ್ವಲ್ಪ ಒಣಗಿದೆ ನೋಡಿ ಸರ್, ಅಲ್ಲಿಗೆ ಇಳಿಸಿ" ಎಂದರು. ಅಂಗೈಯಗಲದ ಆ ಕಂದು ಮಚ್ಚೆಯನ್ನು ನೋಡುತ್ತಾ ಹೊಡೆದ ಚೆಂಡು ಅದರ ಎರಡು ಗಜ ಆಚೆ ಬಿದ್ದು ಗ್ರೀನ್ ಮೇಲೆ ನಿಂತಿತು. ಕೊಳ ಇದ್ದಲ್ಲೇ ಇತ್ತು, ನನ್ನ ಸ್ವಿಂಗ್ ಕೂಡ ಹಳೆಯದೇ.

ಪಟ್ ಮಾಡುವಾಗ ಈ ಚಿತ್ರ ಇನ್ನೂ ಸೂಕ್ಷ್ಮವಾಗಬೇಕು. ಕುಳಿಯ ಅಗಲ 108 ಮಿಲಿಮೀಟರ್ ಮಾತ್ರ, ಆದ್ದರಿಂದ ಚೆಂಡು ಅದರ ಯಾವ ಅಂಚಿನಿಂದ, ಎಷ್ಟು ನಿಧಾನವಾಗಿ ಒಳಗೆ ಬೀಳುತ್ತದೆ ಎಂಬುದನ್ನು ಕಾಣಬೇಕು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕು ದಿನ, 72 ಕುಳಿಗಳನ್ನು ಆಡಿ, ಒಂದೇ ಒಂದು ಸ್ಟ್ರೋಕ್ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯವರಾದರು. ಒಂದು ಸ್ಟ್ರೋಕ್‌ನ ಬೆಲೆ ಏನೆಂದು ಆ ಬೆಳಿಗ್ಗೆ ಟಿವಿಯ ಮುಂದೆ ಕುಳಿತಿದ್ದ ಎಲ್ಲರಿಗೂ ಗೊತ್ತು.

ಕಲ್ಪನೆ ಮೈಮುರಿದು ಮಾಡುವ ಅಭ್ಯಾಸದ ಜಾಗವನ್ನು ತುಂಬುವುದಿಲ್ಲ. ಸಂಶೋಧನೆಗಳೂ ಅದನ್ನೇ ಹೇಳುತ್ತವೆ. ಆದರೆ ಚಲನೆಯನ್ನು ಕಲ್ಪಿಸಿಕೊಂಡಾಗ ಆ ಚಲನೆಯನ್ನು ಯೋಜಿಸುವ ಮಿದುಳಿನ ಭಾಗಗಳೂ ಕೆಲಸ ಮಾಡುವುದರಿಂದ, ಎರಡನ್ನೂ ಜೊತೆಗೆ ಮಾಡುವವರಿಗೆ ಲಾಭವಿದೆ. ಹಾಸಿಗೆಯಲ್ಲಿ ಮಲಗಿ ಮಾಡುವುದಕ್ಕಿಂತ ಎದ್ದು ನಿಂತು, ಕ್ಲಬ್ ಹಿಡಿದು, ನಿಜವಾದ ಸ್ವಿಂಗ್‌ಗೆ ಹಿಡಿಯುವಷ್ಟೇ ಸಮಯದಲ್ಲಿ ಮಾಡುವುದು ಮೇಲು. ನಾನು ಸಂಜೆ ತಾರಸಿಯ ಮೇಲೆ ಏಳನೇ ಐರನ್ ಎಂಬ ಕ್ಲಬ್ ಹಿಡಿದು ಅದೇ ಪಾರ್-3 ಕುಳಿಯನ್ನು ಹತ್ತು ಸಲ ಆಡುತ್ತೇನೆ. ಮೈದಾನದಲ್ಲಿ ಚೆಂಡಿನ ಹಿಂದೆ ನಿಂತಾಗ ಚಿತ್ರ ಮೂಡದಿದ್ದರೆ ಮುಂದೆ ಹೋಗುವುದಿಲ್ಲ, ಬ್ಯಾಗಿನ ಬಳಿಗೆ ಬಂದು ಬೇರೆ ಕ್ಲಬ್ ತೆಗೆದುಕೊಂಡು ಮತ್ತೆ ಮೊದಲಿನಿಂದ ನೋಡುತ್ತೇನೆ.