ಸೋತ ತಕ್ಷಣ ಕಟಾಗೋ ತೆರೆಯಬೇಡಿ

ಹಲಗೆಯ ಮೇಲೆ ಕಪ್ಪು-ಬಿಳಿ ಕಾಯಿ ಇಟ್ಟು ಜಾಗ ಸುತ್ತುವರಿಯುವ ಗೋ ಆಟ ಆಡುವವರಿಗೆ ಇದು ಗೊತ್ತಿರುವ ಸಂಗತಿ. ಆನ್‌ಲೈನ್‌ನಲ್ಲಿ ಒಂದು ಆಟ ಸೋತಿರಿ. ಮರುಕ್ಷಣವೇ ಅದನ್ನು ಕಟಾಗೋಗೆ, ಅಂದರೆ ಗೋ ಆಟ ವಿಶ್ಲೇಷಿಸುವ ಕಂಪ್ಯೂಟರ್ ಪ್ರೋಗ್ರಾಂಗೆ, ಹಾಕುತ್ತೀರಿ. ತಪ್ಪು ಅಂತ ಕೆಂಪು ಚುಕ್ಕೆ ಬಿದ್ದ ನಡೆಗಳನ್ನು ನೋಡುತ್ತೀರಿ. "ಓ, ಇಲ್ಲಿ ಇಡಬೇಕಿತ್ತಾ" ಅನ್ನುತ್ತೀರಿ. ಮುಂದಿನ ಆಟ ಶುರು. ಲೆಕ್ಕದ ಪುಸ್ತಕದ ಕೊನೇ ಪುಟದಲ್ಲಿ ಉತ್ತರ ನೋಡಿಕೊಂಡು, ಲೆಕ್ಕ ಬಂತು ಅಂದ ಹಾಗಾಯಿತು ಅಲ್ವಾ?

ಕಟಾಗೋ ಮೇಲೆ ನನಗೆ ಸಿಟ್ಟಿಲ್ಲ. 2019ರಿಂದ ಪುಕ್ಕಟೆ ಸಿಗುತ್ತಿದೆ. ಯಾವ ವೃತ್ತಿಪರ ಆಟಗಾರನೂ ಅದರ ಮುಂದೆ ನಿಲ್ಲಲಾರ. ನನ್ನ ತಕರಾರು ಅದನ್ನು ಯಾವಾಗ ತೆರೆಯುತ್ತೇವೆ ಅನ್ನುವುದರ ಬಗ್ಗೆ ಮಾತ್ರ.

ಕೊರಿಯಾದಲ್ಲಿ ಆಟ ಮುಗಿದ ಮೇಲೆ ಗೆದ್ದವರೂ ಸೋತವರೂ ಅದೇ ಹಲಗೆಯ ಮುಂದೆ ಕೂತು, ನೆನಪಿನಿಂದಲೇ ಮತ್ತೆ ಕಾಯಿ ಇಡುತ್ತಾರೆ. ಅದಕ್ಕೆ ಬೊಕ್ಗಿ ಅಂತಾರೆ. ಇಲ್ಲಿ ಯಾಕೆ ಹಿಂದೆ ಸರಿದಿರಿ, ಯಾವುದಕ್ಕೆ ಹೆದರಿದಿರಿ ಅಂತ ಒಬ್ಬರನ್ನೊಬ್ಬರು ಕೇಳುತ್ತಾರೆ. 2016ರ ಮಾರ್ಚ್‌ನಲ್ಲಿ ಸಿಯೋಲ್‌ನಲ್ಲಿ ಗೋ ಆಡುವ ಕಂಪ್ಯೂಟರ್ ಪ್ರೋಗ್ರಾಂ ಆಲ್ಫಾಗೋ ಜೊತೆ ಆಡಿದಾಗ ಕೊರಿಯಾದ ಹೆಸರಾಂತ ಆಟಗಾರ ಲೀ ಸೆಡಾಲ್‌ಗೆ ಆ ಭಾಗ್ಯ ಇರಲಿಲ್ಲ. ಎದುರು ಕೂತವರು ಯಂತ್ರ ಹೇಳಿದ ಜಾಗದಲ್ಲಿ ಕಾಯಿ ಇಡುತ್ತಿದ್ದರು, ಅಷ್ಟೇ. ಎರಡನೇ ಆಟವನ್ನೂ ಸೋತ ರಾತ್ರಿ ಅವರು ಗೆಳೆಯ ಆಟಗಾರರನ್ನು ಸೇರಿಸಿಕೊಂಡು ಬೆಳಗಿನ ಜಾವದವರೆಗೂ ಆ ಆಟಗಳನ್ನು ಕೆದಕಿದರು. ಮೂರನೆಯದೂ ಹೋಯಿತು. ನಾಲ್ಕನೆಯದರಲ್ಲಿ 78ನೇ ನಡೆ ಇಟ್ಟರು, ಆಲ್ಫಾಗೋ ತಡಬಡಾಯಿಸಿ ಸೋತಿತು. ತಮಾಷೆ ಅಂದ್ರೆ, ಸರಿಯಾದ ಉತ್ತರ ಕೊಟ್ಟಿದ್ದರೆ ಆ ನಡೆ ಫಲಿಸುತ್ತಿರಲಿಲ್ಲ ಅಂತ ಆಮೇಲಿನ ವಿಶ್ಲೇಷಣೆಯಲ್ಲಿ ಗೊತ್ತಾಯಿತು. ಯಂತ್ರ ತೋರಿಸುವ ಅಂಕವನ್ನಷ್ಟೇ ನೋಡುತ್ತಾ ಕೂತರೆ ಆ ಆಟದ ಸ್ವಾರಸ್ಯವೇ ಕೈತಪ್ಪುತ್ತದೆ.

ಈಗ ನಮ್ಮಂಥವರ ಆಟಕ್ಕೆ ಬರೋಣ. ಎದುರಾಳಿಯ ಕಾಯಿ ಮೂಲೆಯ 4-4ರಲ್ಲಿದೆ, ಅಂದರೆ ಎರಡೂ ಅಂಚಿನಿಂದ ನಾಲ್ಕನೇ ಗೆರೆಗಳು ಕೂಡುವ ಜಾಗದಲ್ಲಿ. ನೀವು ಆರಂಭದಲ್ಲೇ 3-3ಕ್ಕೆ ನುಗ್ಗುತ್ತೀರಿ. 2017ರ ನಂತರ ಯಂತ್ರಗಳನ್ನು ನೋಡಿ ಎಲ್ಲರೂ ಕಲಿತ ಚಾಳಿ ಇದು. ಮೂಲೆ ನಿಮ್ಮದಾಗುತ್ತದೆ, ಹೊರಗೆ ಎದುರಾಳಿಗೆ ಕಾಯಿಗಳ ಒಂದು ಗೋಡೆ ಸಿಗುತ್ತದೆ. ಆ ಗೋಡೆಯನ್ನು ಮುಂದೆ ಹೇಗೆ ಕೆಲಸಕ್ಕೆ ಬಾರದ ಹಾಗೆ ಮಾಡಬೇಕು ಅಂತ ಯಂತ್ರಕ್ಕೆ ಗೊತ್ತು. ನಮಗೆ ಗೊತ್ತಿಲ್ಲ. ಎಂಬತ್ತು ತೊಂಬತ್ತು ನಡೆಗಳಾದ ಮೇಲೆ ನಿಮ್ಮದೊಂದು ಗುಂಪು ಅದೇ ಗೋಡೆಗೆ ತಗಲಿಕೊಂಡು, ಬದುಕಲು ಬೇಕಾದ ಎರಡು ಕಣ್ಣು (ಗುಂಪಿನೊಳಗಿನ ಬೇರೆ ಬೇರೆ ಖಾಲಿ ಜಾಗ) ಮಾಡಲಾಗದೆ ಸಾಯುತ್ತದೆ. ಮೂವತ್ತು ಅಂಕ ಹೋಯಿತು ಅಂದುಕೊಳ್ಳಿ. ಆದರೆ ಜಾಸ್ತಿ ಜನ ತಲೆಕೆಡಿಸಿಕೊಳ್ಳುವುದು ಆರಂಭದ ನಡೆಯಲ್ಲಿ ಯಂತ್ರ ತೋರಿಸಿದ ಅರ್ಧ ಅಂಕದ ನಷ್ಟದ ಬಗ್ಗೆ! ಹೊಸ ಜೋಸೆಕಿ, ಅಂದರೆ ಮೂಲೆಯಲ್ಲಿ ಆಡುವ ಸಿದ್ಧ ನಡೆಗಳ ಸರಣಿ, ಉರು ಹೊಡೆಯುತ್ತಾರೆ. ಜೋಸೆಕಿ ಕಲಿತರೆ ಎರಡು ಕಾಯಿಯಷ್ಟು ಬಲ ಕುಗ್ಗುತ್ತದೆ ಅಂತ ಗೋ ಆಡುವವರಲ್ಲಿ ಹಳೇ ಗಾದೆಯೇ ಇದೆ.

ಹಾಗಾಗಿ ಮೊದಲು ನೆನಪಿನಿಂದ ಆಟವನ್ನು ಮತ್ತೆ ಇಟ್ಟು ನೋಡಿ. ಪೂರ್ತಿ ಬರದಿದ್ದರೂ ಪರವಾಗಿಲ್ಲ. ಕೈ ಎಲ್ಲಿ ನಿಲ್ಲುತ್ತದೋ ಅಲ್ಲಿ ಬಹುಶಃ ನೀವು ಕಾರಣವೇ ಇಲ್ಲದೆ ಸುಮ್ನೆ ಆಡಿದ್ದೀರಿ. ಮನಸ್ಸು ಅಳುಕಿದ ಎರಡು ಮೂರು ಜಾಗ ಗುರುತು ಹಾಕಿಕೊಳ್ಳಿ. ಆಗ ಏನು ಅಂದುಕೊಂಡಿದ್ದಿರಿ ಅಂತ ಪಕ್ಕದಲ್ಲೇ ಬರೆಯಿರಿ. ಎದುರಾಳಿ ಸಿಕ್ಕರೆ ಕೇಳಿ, ತುಂಬಾ ಜನ ಖುಷಿಯಿಂದ ಹೇಳುತ್ತಾರೆ. ಆಮೇಲೆ ಯಂತ್ರ ತೆರೆಯಿರಿ. ನಿಮಗೆ ಅನುಮಾನವೇ ಬಾರದ ಜಾಗದಲ್ಲಿ ಅದು ದೊಡ್ಡ ನಷ್ಟ ತೋರಿಸಿದರೆ, ಕೂತು ಯೋಚಿಸಬೇಕಾದ್ದು ಅಲ್ಲಿ. ತಪ್ಪು ಲೆಕ್ಕಾಚಾರದ್ದಾದರೆ ದಿನಾ ಸುಲಭದ ತ್ಸುಮೆಗೋ, ಅಂದರೆ ಗುಂಪನ್ನು ಬದುಕಿಸುವ ಇಲ್ಲವೇ ಕೊಲ್ಲುವ ಸಮಸ್ಯೆಗಳನ್ನು, ಬಿಡಿಸಿ. ನೋಡಿದ ಕೂಡಲೇ ಹೊಳೆಯುವಂಥವು ಸಾಕು. ಕಷ್ಟದವನ್ನು ಎದುರಿಗಿಟ್ಟುಕೊಂಡು ಗಂಟೆಗಟ್ಟಲೆ ಒದ್ದಾಡುವುದರಲ್ಲಿ ನನಗಂತೂ ನಂಬಿಕೆಯಿಲ್ಲ.

ಗೆದ್ದ ಆಟಗಳನ್ನೂ ಬಿಡಬೇಡಿ. ಎದುರಾಳಿ ನೋಡಲಿಲ್ಲ ಅಂತ ಬದುಕಿಕೊಂಡ ಗುಂಪು ಅವುಗಳಲ್ಲಿ ಒಂದಾದರೂ ಇದ್ದೇ ಇರುತ್ತದೆ. ಈ ಸಲ ಎದುರಾಳಿಯ ಕಡೆ ಕೂತು, ಆ ಗುಂಪನ್ನು ಕೊಲ್ಲುವುದು ಹೇಗೆ ಅಂತ ಹುಡುಕಿ.